ದುಡ್ಡು ಕೊಟ್ಟು ತಂದ ಜೇಕು

ನಿಮ್ಮ ಮನೆಯಲ್ಲೂ ಬಿಸಿಲು ಕಾಣದ ಮೂಲೆ ಒಂದಾದರೂ ಇರಬೇಕಲ್ಲವೇ? ಬಚ್ಚಲ ಹಿಂದೆ, ಬಾವಿಕಟ್ಟೆಯ ಬದಿ, ಇಲ್ಲವೇ ನನ್ನ ಹಾಗೆ ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿರುವವರಿಗೆ ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಜಾಗ. ಸದಾ ತೇವ, ಸದಾ ನೆರಳು. ಒರೆಸಿ ಒರೆಸಿ ಕೈ ಸೋತರೂ ಪಾಚಿಯ ವಾಸನೆ ಹೋಗದು. ಇಲ್ಲೊಂದು ಗಿಡವಿದ್ದರೆ ಎಷ್ಟು ಚೆನ್ನ ಅಂತ ನಿಮಗೂ ಅನ್ನಿಸಿರುತ್ತದೆ. ತಂದು ಇಟ್ಟಿರುತ್ತೀರಿ, ತಿಂಗಳೊಳಗೆ ಕೊಳೆತದ್ದನ್ನು ಎತ್ತಿ ಎಸೆದೂ ಇರುತ್ತೀರಿ.

ನಾನು ಹಾಗೆ ಎಸೆದದ್ದರ ಲೆಕ್ಕ ಹೇಳಿದರೆ ನಗುತ್ತೀರಿ. ಗುಲಾಬಿ ಎರಡು, ದಾಸವಾಳ ಒಂದು, ಕೊನೆಗೆ ತುಳಸಿಯೂ ಹೋಯಿತು. ತುಳಸಿ ಒಣಗಿದಾಗ ಎರಡು ದಿನ ಮನಸ್ಸಿಗೆ ಸಮಾಧಾನವಿರಲಿಲ್ಲ. ಬಿಸಿಲು ಬೇಡುವ ಗಿಡಗಳನ್ನು ತಂದು ಕತ್ತಲಲ್ಲಿಟ್ಟು, "ನನ್ನ ಕೈಗುಣವೇ ಸರಿಯಿಲ್ಲ" ಅಂತ ಕೊರಗುತ್ತಿದ್ದೆ.

2024ರ ಬೇಸಿಗೆಗೆ ಸ್ವಲ್ಪ ಮೊದಲು ಅತ್ತೆ ನಮ್ಮಲ್ಲಿಗೆ ಬಂದರು. ಮಾವನವರು ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ಆ ದೊಡ್ಡ ಮನೆಯಲ್ಲಿ ಅವರೊಬ್ಬರನ್ನೇ ಬಿಡುವುದು ಹೇಗೆ? ಗದ್ದೆಯನ್ನು ಗೇಣಿಗೆ ಕೊಟ್ಟು, ಮನೆಗೆ ಬೀಗ ಹಾಕಿ ಕರೆದುಕೊಂಡು ಬಂದೆವು. ಬಂದವರು ಮಾತೇ ಬಿಟ್ಟರು. ಊಟಕ್ಕೆ ಕರೆದರೆ ಬರುವುದು, ಬಡಿಸಿದ್ದನ್ನು ಉಣ್ಣುವುದು, ಮತ್ತೆ ಹೋಗಿ ಆ ಪಾತ್ರೆ ತೊಳೆಯುವ ಜಾಗದಲ್ಲಿ ಮಣೆ ಹಾಕಿಕೊಂಡು ಕೂರುವುದು. "ಹಾಲಿನಲ್ಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅತ್ತೆ" ಅಂದರೆ, "ಇಲ್ಲೇ ತಂಪು ಕಣೇ" ಅಷ್ಟೇ ಉತ್ತರ. ಆ ಒದ್ದೆ ನೆಲದ ವಾಸನೆಯಲ್ಲಿ ಅವರಿಗೆ ಊರು ಕಾಣುತ್ತಿತ್ತೋ ಏನೋ.

ಅವರ ಕಣ್ಣಿಗೆ ಒಂದಿಷ್ಟು ಹಸಿರಾದರೂ ಬೀಳಲಿ ಎಂದು ನರ್ಸರಿಗೆ ಹೋದೆ. "ನೆರಳಿನಲ್ಲಿ, ನೀರು ನಿಲ್ಲುವ ಕಡೆ ಬದುಕುವ ಗಿಡ ಯಾವುದಾದರೂ ಇದ್ದರೆ ಕೊಡಪ್ಪಾ" ಅಂದೆ. ಮಾಲಿ ಎದೆಮಟ್ಟದ ಒಂದು ಗಿಡ ತೋರಿಸಿದ. ನೀಳವಾದ ಹಸಿರು ಕಡ್ಡಿಗಳು, ಪ್ರತಿ ಕಡ್ಡಿಯ ತುದಿಯಲ್ಲಿ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿದ ಎಲೆ. "ಅಂಬ್ರೆಲಾ ಪಾಮ್ ಅಮ್ಮಾ, ನೂರ ಇಪ್ಪತ್ತು" ಅಂದ. ಚೌಕಾಸಿ ಮಾಡದೆ ತಂದೆ.

ಅತ್ತೆ ಅದನ್ನು ನೋಡಿದರು. ಎದ್ದು ಬಂದು ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು. "ಇದು ಜೇಕಲ್ಲವೇನೇ?" ಅಂದರು. ನಾನು, "ಅಲ್ಲ ಅತ್ತೆ, ಪಾಮ್ ಅಂತೆ" ಅಂದೆ.

"ಎಂತ ಪಾಮೋ! ಐವತ್ತು ವರ್ಷ ಗದ್ದೆಯಲ್ಲಿ ಸೊಂಟ ಬಗ್ಗಿಸಿ ಕಿತ್ತು ಕಿತ್ತು ಬದುವಿಗೆ ಎಸೆದೆ. ನೀನು ದುಡ್ಡು ಕೊಟ್ಟು ಹೊತ್ತು ತಂದೆಯಾ ಮಾರಾಯ್ತೀ!" ಅಂದವರೇ ನಕ್ಕುಬಿಟ್ಟರು. ಎರಡು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ನೂರ ಇಪ್ಪತ್ತು ರೂಪಾಯಿ ಅಲ್ಲಿಗೇ ವಸೂಲಾಯಿತು.

ಅವರು ಹೇಳಿದ್ದೇ ಸರಿ. ಇದು ಪಾಮ್ ಜಾತಿಯಲ್ಲ, ಜೇಕಿನ ಕುಲದ್ದು. ಮಡಗಾಸ್ಕರ್ ಮತ್ತು ಆಫ್ರಿಕಾದ ಹೊಳೆ, ಕೆರೆಗಳ ದಂಡೆ ಇದರ ತವರು. ಬಾಣಂತಿಮನೆಯಲ್ಲಿ ನೀವು ಕಂಡಿರುವ ಕೊನ್ನಾರಿಗಡ್ಡೆ, ಅಂದರೆ ಭದ್ರಮುಷ್ಟಿ, ಇದರ ದಾಯಾದಿ. ಈಜಿಪ್ಟಿನ ಜನ ಹಿಂದೆ ಬರೆಯುವ ಹಾಳೆ ಮಾಡುತ್ತಿದ್ದ ಪಪೈರಸ್ ಕೂಡ ಇದರ ಹತ್ತಿರದ ನೆಂಟ. ತುದಿಯಲ್ಲಿ ಹರಡಿರುವುದು ನಿಜವಾಗಿ ಹೂಗೊಂಚಲಿನ ಅಡಿಯ ಎಲೆ. ಗಿಡದ ಸ್ವಂತ ಎಲೆಗಳು ಬುಡದಲ್ಲಿ ಕಂದು ಬಣ್ಣದ ಸಿಪ್ಪೆಯ ಹಾಗೆ ಕಡ್ಡಿಗೆ ಸುತ್ತಿಕೊಂಡಿರುತ್ತವೆ, ಅಷ್ಟೇ.

ಸಾಕುವ ಬಗೆ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ. ಹತ್ತು ಅಂಗುಲದ ಕುಂಡ ಸಾಕು. ಹಿಡಿ ಮುರಿದ ಹಳೇ ಬಕೆಟ್ಟೂ ಆದೀತು. ಅರ್ಧ ಕೆಂಪು ಮಣ್ಣು, ಅರ್ಧ ಚೆನ್ನಾಗಿ ಕಳಿತ ಗೊಬ್ಬರ. ಬೇರೆ ಗಿಡಕ್ಕಾದರೆ ನೀರು ಬಸಿದು ಹೋಗಬೇಕು ಎನ್ನುತ್ತೇವೆ. ಇದಕ್ಕೆ ಆ ಚಿಂತೆಯಿಲ್ಲ, ಮಣ್ಣು ಒಣಗದಿದ್ದರೆ ಸರಿ. ನೆರಳು ಅಂದರೆ ಪೂರ್ತಿ ಕತ್ತಲಲ್ಲ. ನೇರ ಬಿಸಿಲು ಬೀಳದಿದ್ದರೂ ಹಗಲಿನ ಬೆಳಕು ಚೆನ್ನಾಗಿ ಬರಬೇಕು. ಬೆಳಕು ಸಾಲದಿದ್ದರೆ ಕಡ್ಡಿಗಳು ಸಣಕಲಾಗಿ ಬೆಳಕಿನ ಕಡೆಗೆ ವಾಲುತ್ತವೆ. ಆಗ ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿಡಿ. ಬೇಳೆ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಹಾಕಿ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ ಕೊಡಿ. ಎಲೆಯ ತುದಿ ಕಂದಾದರೆ ಗಾಳಿ ಒಣಗಿದೆ ಅಂತಲೋ, ಕೊಳವೆಬಾವಿಯ ಗಡಸು ನೀರಿನ ಉಪ್ಪು ಸೇರಿದೆ ಅಂತಲೋ ತಿಳಿಯಿರಿ. ಮಳೆನೀರು ಸಿಕ್ಕಿದರೆ ಹಿಡಿದು ಹಾಕಿ. ಹಳದಿಯಾದ ಕಡ್ಡಿಯನ್ನು ಮೇಲೆ ಮಾತ್ರ ಕತ್ತರಿಸದೆ ಬುಡಕ್ಕೇ ಕತ್ತರಿಸಿ, ಹೊಸ ಚಿಗುರಿಗೆ ಜಾಗವಾಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಜೋಕೆ, ಈ ಎಲೆ ಅಗಿಯುವುದೆಂದರೆ ಅದಕ್ಕೆ ಪ್ರಾಣ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ. ನನ್ನ ತಪ್ಪೊಂದನ್ನು ಹೇಳಲೇಬೇಕಾಗಿದೆ.

ಕುಂಡದ ಕೆಳಗೆ ಅಗಲವಾದ ತಟ್ಟೆ ಇಟ್ಟು, "ಇದರಲ್ಲಿ ಯಾವಾಗಲೂ ನೀರಿರಲಿ ಅತ್ತೆ" ಅಂತ ಹೇಳಿದವಳು ನಾನೇ. ಅತ್ತೆ ಅದನ್ನು ವ್ರತದ ಹಾಗೆ ಹಿಡಿದರು. ಬೆಳಿಗ್ಗೆ ಮುಖ ತೊಳೆದ ತಕ್ಷಣ ಒಂದು ಚೊಂಬು ನೀರು ತಟ್ಟೆಗೆ. ಆಮೇಲೆ ಕಾಫಿ. ಹೊಸ ಚಿಗುರು ಎದ್ದ ದಿನ ಮೊಮ್ಮಗನನ್ನು ಕೂಗಿ ತೋರಿಸುವರು. ಮಾತು ಮರಳಿತ್ತು.

ಆ ವರ್ಷ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲ ಡೆಂಗಿ. ನಮ್ಮ ಮಗನಿಗೂ ಜ್ವರ ಬಂತು. ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದ. ಮೂರನೆಯ ದಿನ ಬಟ್ಟೆ ಒಯ್ಯಲು ನಾನು ಮನೆಗೆ ಬಂದಿದ್ದಾಗ ಆಶಾ ಕಾರ್ಯಕರ್ತೆ ಬಂದಳು. ಮೂಲೆ ಮೂಲೆಗೂ ಟಾರ್ಚ್ ಬಿಟ್ಟು ನೋಡಿ, "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ" ಅಂದಳು. ತಟ್ಟೆಯ ತಿಳಿನೀರಿನಲ್ಲಿ ಸಣ್ಣ ಸಣ್ಣ ಹುಳಗಳು ಕುಣಿಯುತ್ತಿದ್ದವು.

ಮೂರು ರಾತ್ರಿ ನಿದ್ದೆಯಿಲ್ಲದ ತಲೆ. ಅತ್ತೆಯ ಕಡೆ ತಿರುಗಿ, "ನಿಮ್ಮ ಈ ನೀರಿನ ಹುಚ್ಚು ನನ್ನ ಮಗನ ಜೀವಕ್ಕೇ ಬಂತಲ್ಲ!" ಅಂದುಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ನಾನು ಆಸ್ಪತ್ರೆಗೆ ಹೋದ ಮೇಲೆ ಆ ಭಾರದ ಕುಂಡವನ್ನು ಎಳೆದುಕೊಂಡು ಹೋಗಿ ಮೆಟ್ಟಿಲ ಕೆಳಗೆ, ಕಸದ ಡಬ್ಬಿಯ ಪಕ್ಕ ಇಟ್ಟು ಬಂದರಂತೆ.

ದೇವರು ದೊಡ್ಡವನು, ಮಗ ಹುಷಾರಾಗಿ ಮನೆಗೆ ಬಂದ. ಅವನನ್ನು ಕಚ್ಚಿದ ಸೊಳ್ಳೆ ಹುಟ್ಟಿದ್ದು ನಮ್ಮ ತಟ್ಟೆಯಲ್ಲೋ, ಶಾಲೆಯ ಬಳಿಯೋ, ಪಕ್ಕದ ಕಟ್ಟಡದ ತೊಟ್ಟಿಯಲ್ಲೋ, ಯಾರು ಹೇಳಬಲ್ಲರು? ಆದರೆ ತಟ್ಟೆ ಇಟ್ಟವಳು ನಾನು, ಬೈಸಿಕೊಂಡವರು ಅವರು. ಮಣೆ ಮತ್ತೆ ಮೂಲೆ ಸೇರಿತು, ಮಾತು ಮತ್ತೆ ನಿಂತಿತು. "ತಪ್ಪಾಯಿತು ಅತ್ತೆ" ಅನ್ನುವ ಎರಡು ಶಬ್ದ ಗಂಟಲಿಗೆ ಬಂದು ಹಿಂದೆ ಹೋಗುತ್ತಿದ್ದವು. ನಿಮಗೂ ಹಾಗೆ ಆಗಿರಬಹುದು.

ಮೂರು ವಾರದ ಮೇಲೆ ಕೆಳಗಿಳಿದು ನೋಡಿದರೆ ಗಿಡ ಪೂರಾ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಹೊತ್ತು ತಂದೆ. ಒಣಗಿದ್ದನ್ನೆಲ್ಲ ಬುಡಕ್ಕೆ ಕತ್ತರಿಸಿದೆ. ತಟ್ಟೆಯನ್ನು ಉಜ್ಜಿ ತೊಳೆದು, ಅಂಚಿನವರೆಗೂ ಮರಳು ತುಂಬಿ, ಅದರ ಮೇಲೆ ಕುಂಡ ಇಟ್ಟೆ. ಅತ್ತೆ ಕೂತಲ್ಲಿಂದಲೇ ನೋಡುತ್ತಿದ್ದರು. "ಇನ್ನು ಮೇಲೆ ಮರಳು ಒದ್ದೆಯಾಗಿದ್ದರೆ ಸಾಕು ಅತ್ತೆ. ಅವತ್ತು ನೀರು ನಿಲ್ಲಿಸಿ ಅಂದವಳು ನಾನೇ" ಅಂದೆ. ಅಷ್ಟೇ ಹೇಳಲಾದದ್ದು. ಅವರು ಎದ್ದು ಹೋಗಿ ಚೊಂಬು ತಂದರು. "ಬೇರು ಬದುಕಿರ್ತದೆ. ಜೇಕು ಅಷ್ಟು ಸುಲಭಕ್ಕೆ ಸಾಯೋ ಜಾತಿಯಲ್ಲ" ಅಂದರು. ಎರಡು ವಾರದಲ್ಲಿ ಮೊದಲ ಚಿಗುರು ಎದ್ದಿತು.

ಆದ್ದರಿಂದ ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಡೆಂಗಿ ಹರಡುವ ಏಡಿಸ್ ಸೊಳ್ಳೆ ನೀರಿನ ಅಂಚಿಗೆ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಗುಂಜು ಹಾಕಿ ಉಜ್ಜಬೇಕು. ಮರಳು ತುಂಬಿದರೂ ಅದರ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಿ.

ಈಗ ಅತ್ತೆಯ ಮೂಲೆಯಲ್ಲಿ ಐದು ಕುಂಡಗಳಿವೆ. ಹೊಸ ಗಿಡ ಮಾಡುವ ವಿದ್ಯೆ ಅವರಿಗೆ ಬಲು ಇಷ್ಟ. ಒಂದು ಬಲಿತ ಕೊಡೆಯನ್ನು ಎರಡು ಅಂಗುಲ ಕಡ್ಡಿಯ ಸಮೇತ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕು ಮಾಡಿ, ಕಡ್ಡಿ ಮೇಲೆ ಬರುವಂತೆ ನೀರಿನ ಬಟ್ಟಲಿನಲ್ಲಿ ತಲೆಕೆಳಗಾಗಿ ಇಡಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು. ಎರಡು ಮೂರು ವಾರದಲ್ಲಿ ಎಲೆಗಳು ಕೂಡುವ ಜಾಗದಿಂದ ಬಿಳಿ ಬೇರು, ಹಸಿರು ಚಿಗುರು ಬರುತ್ತವೆ. ಹೊಳೆದಂಡೆಯಲ್ಲಿ ಕಡ್ಡಿ ಬಾಗಿ ಕೊಡೆ ನೀರಿಗೆ ತಾಗಿದರೆ ಇದು ತಾನಾಗಿಯೇ ಹೀಗೆ ಹುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ, ಕುಂಡ ಬಿರಿಯುವಷ್ಟು ತುಂಬಿದಾಗ, ಬುಡವನ್ನು ಹಳೇ ಚಾಕುವಿನಲ್ಲಿ ಸೀಳಿ ಬೇರೆ ಬೇರೆ ನೆಡಬಹುದು. ಮಳೆಗಾಲದ ಶುರು ಅದಕ್ಕೆ ಒಳ್ಳೆಯ ಹೊತ್ತು. ಆದರೆ ಹೆಚ್ಚಾದದ್ದನ್ನು ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ. ಅಲ್ಲಿ ಹಬ್ಬಿದರೆ ನಮ್ಮ ನೆಲದ ಗಿಡಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ.

ಕಳೆದ ವಾರ ಎದುರು ಮನೆಯವರು ಬಂದು, "ಅಜ್ಜಿ, ಆ ಪಾಮ್ ನಮಗೂ ಒಂದು ಕೊಡ್ತೀರಾ?" ಅಂತ ಕೇಳಿದರು. ಅತ್ತೆ ಬಟ್ಟಲಿನಿಂದ ಒಂದನ್ನು ಎತ್ತಿ ಕೊಟ್ಟರು. "ಪಾಮಲ್ಲಮ್ಮಾ, ಜೇಕು" ಅಂದರು. ಆಮೇಲೆ ನನ್ನ ಕಡೆ ನೋಡಿ, "ತಟ್ಟೆಗೆ ಮರಳು ಹಾಕೋದು ಹೇಗೆ ಅಂತ ನೀನೇ ಹೇಳಿಕೊಡೇ" ಅಂದರು.