ಮಗಳಿಗೆಂದು ತಂದ ತಂಪು ಕನ್ನಡಕ

ನಮ್ಮ ಮುಧೋಳದ ಬಿಸಿಲಿನ ಬಗ್ಗೆ ಈ ಕಡೆಯ ಸೋದರಿಯರಿಗೆ ನಾನು ಹೇಳಬೇಕಾದ್ದಿಲ್ಲ. ಹೋಳಿ ಹುಣ್ಣಿಮೆ ಬಂತೆಂದರೆ ಮುಂಜಾನೆ ಹತ್ತಕ್ಕೇ ಅಂಗಳಕ್ಕೆ ಬರಿಗಾಲಿಡಲು ಆಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಮುಟ್ಟುವುದು ಇಲ್ಲಿ ದೊಡ್ಡ ಮಾತಲ್ಲ. ಕಬ್ಬಿನ ಹಂಗಾಮಿನಲ್ಲಂತೂ ರಸ್ತೆ ತುಂಬ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಹಿಂದೆ ಧೂಳು. ಇದರಲ್ಲೇ ಹುಟ್ಟಿ ಬೆಳೆದವರು ನಾವು. ಬಿಸಿಲಿಗೆ ಸೆರಗು ಹೊದ್ದೆವು, ಕೊಡೆ ಹಿಡಿದೆವು, ಮಜ್ಜಿಗೆ ಕುಡಿದೆವು. ಕಣ್ಣಿನ ವಿಚಾರ ಮಾತ್ರ ಯಾರೂ ಮಾಡಲಿಲ್ಲ.

ಹೋದ ವರ್ಷ ನಮ್ಮ ಹಿರಿಮಗಳಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತು. ನಮ್ಮ ಮನೆತನದಲ್ಲಿ ಸಂಬಳದ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ಅವಳೇ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಎರಡು ಗುಳೇದಗುಡ್ಡದ ಖಣದ ಕುರ್ತಾ ಹೊಲಿಸಿದೆ. ರಬಕವಿ-ಬನಹಟ್ಟಿಯ ನೂಲಿನ ಸೀರೆ ಎರಡು, ದೊಡ್ಡ ಅಧಿಕಾರಿಗಳು ಬಂದಾಗ ಉಡಲೆಂದು ಒಂದು ಇಳಕಲ್ ಸೀರೆ, ಕರಿ ಬೂಟು, ಚರ್ಮದ ಚೀಲ, ಎಲ್ಲವನ್ನೂ ಕೊಡಿಸಿದೆ. "ಆಫೀಸರ ಹಂಗ ಕಾಣಬೇಕು ನೋಡು" ಎಂದು ನಾನೇ ಕನ್ನಡಿಯ ಮುಂದೆ ನಿಲ್ಲಿಸಿ ನೆರಿಗೆ ತಿದ್ದಿದ್ದೆ.

ಅವಳದು ಬೆಳೆಸಾಲದ ಕೆಲಸ. ಕುರ್ಚಿಯಲ್ಲಿ ಕೂತಿದ್ದರೆ ಸಾಲದು, ಸ್ಕೂಟರ್ ಮೇಲೆ ಹಳ್ಳಿಗೆ ಹೋಗಿ ಹೊಲ ನೋಡಬೇಕು. ಒಂದು ತಿಂಗಳು ಕಳೆದಿರಬೇಕು, ಸಂಜೆ ಬಂದು ಕಣ್ಣಿಗೆ ತಣ್ಣೀರು ಹಾಕಿಕೊಳ್ಳುತ್ತ, "ಅವ್ವಾ, ನನಗೊಂದು ಗಾಗಲ್ ಬೇಕು" ಎಂದಳು.

"ಗಾಗಲ್ಲಾ? ಸಿನಿಮಾದಾಕಿ ಆಗಬೇಕಂತ ಮಾಡೀಯೇನ? ಮಂದಿ ಏನಂತಾರ!" ಎಂದುಬಿಟ್ಟೆ.

ನನ್ನ ಮಾತಿಗೂ ಕಾರಣವಿತ್ತು. ನಮ್ಮ ಕಡೆ ಕರಿ ಚಸ್ಮಾ ಹಾಕುವವರು ಎರಡೇ ತರಹದವರು ಎಂದು ನನ್ನ ತಿಳುವಳಿಕೆ. ಒಬ್ಬರು ತೆರೆಯ ಮೇಲಿನ ಹೀರೋ, ಇನ್ನೊಬ್ಬರು ಮೋತಿಬಿಂದು ತೆಗೆಸಿಕೊಂಡು ಬಂದವರು. ನಮ್ಮ ಅತ್ತೆಯವರಿಗೆ ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆದಾಗ ಹಸಿರು ಗಾಜಿನ ದೊಡ್ಡ ಚಸ್ಮಾ ಕೊಟ್ಟಿದ್ದರು. ಕುರುಡುತನ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಶುರುವಾಯಿತು. ಅಂಥ ಶಿಬಿರಗಳಿಂದ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ ಮತ್ತೆ ಕಣ್ಣು ಕಂಡಿವೆ, ಅದು ನಿಜ. ಆದರೆ ಇಪ್ಪತ್ತಮೂರು ವರ್ಷದ, ಇನ್ನೂ ಮದುವೆಯಾಗದ ಹುಡುಗಿ ಕರಿ ಚಸ್ಮಾ ಹಾಕಿದರೆ ಒಂದೋ "ಕಣ್ಣಿನಾಗ ಐಬ ಅದ" ಅಂದಾರು, ಇಲ್ಲವೇ "ನೌಕರಿ ಸೊಕ್ಕು ಬಂದದ" ಅಂದಾರು. ನನ್ನ ಹೆದರಿಕೆ ಇಷ್ಟೇ.

ಮಗಳ ಮುಖ ಸಣ್ಣದಾಯಿತು. ನನಗೂ ಕೆಡುಕೆನಿಸಿ, ಮುಂದಿನ ವಾರ ಜಾತ್ರೆಯಲ್ಲಿ ನಾನೇ ಒಂದು ಆರಿಸಿ ತಂದೆ. 150 ರೂಪಾಯಿ. ಕಡುಕಪ್ಪು ಗಾಜು, ಕಡ್ಡಿಯ ಮೇಲೆ ಹೊಳೆಯುವ ಅಕ್ಷರ. ಕಪ್ಪಗಿದ್ದಷ್ಟೂ ಕಣ್ಣಿಗೆ ತಂಪು ಎಂದು ನನ್ನ ಲೆಕ್ಕ. ಅವಳು ಹದಿನೈದು ದಿನ ಹಾಕಿಕೊಂಡಳು. ದಿನಾ ಸಂಜೆ ತಲೆನೋವು. "ರಸ್ತೆ ತೆರಿ ತೆರಿಯಾಗಿ ಕಾಣತೈತಿ" ಅನ್ನುತ್ತಿದ್ದಳು. ಕಣ್ಣು ಕೆಂಪಾಗುವುದೂ ನಿಲ್ಲಲಿಲ್ಲ. ಕಡೆಗೆ ಬಾಗಲಕೋಟೆಗೆ ಕಣ್ಣಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಆ ಚಸ್ಮಾವನ್ನು ಒಂದು ಸಣ್ಣ ಯಂತ್ರದಲ್ಲಿಟ್ಟು ನೋಡಿ ನಕ್ಕರು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕಿರಣಗಳಿವೆ, ಅವಕ್ಕೆ ಅತಿನೇರಳೆ ಕಿರಣ ಎನ್ನುತ್ತಾರೆ, ಕಣ್ಣಿಗೆ ಕೆಡುಕು ಮಾಡುವುದು ಅವೇ ಎಂದು ತಿಳಿಸಿ ಹೇಳಿದರು. ಗಾಜಿನ ಕಪ್ಪಿಗೂ ಆ ಕಿರಣ ತಡೆಯುವುದಕ್ಕೂ ಸಂಬಂಧವಿಲ್ಲವಂತೆ. ಅದಕ್ಕೆ ಗಾಜಿನಲ್ಲೇ ಬೇರೆ ಗುಣವಿರಬೇಕು. ಅದಿದ್ದರೆ ನೀರಿನಂಥ ಬಿಳಿ ಗಾಜೂ ತಡೆಯುತ್ತದೆ. ಅದಿಲ್ಲದೆ ಬರೀ ಕಪ್ಪಾಗಿದ್ದರೆ ಏನೂ ಹಾಕದೆ ಇರುವುದಕ್ಕಿಂತ ಕೆಟ್ಟದ್ದು. ಏಕೆಂದರೆ ಕತ್ತಲಾದಾಗ ಕಣ್ಣಿನ ಪಾಪೆ ಬಾಗಿಲು ತೆರೆದಂತೆ ಅಗಲವಾಗುತ್ತದೆ. ಆ ತೆರೆದ ಬಾಗಿಲಿನಿಂದ ಕೆಟ್ಟ ಕಿರಣಗಳು ಇನ್ನಷ್ಟು ಒಳಗೆ ನುಗ್ಗುತ್ತವೆ. ಕೇಳಿ ನನಗೆ ಎದೆ ಝಲ್ ಎಂದಿತು. ತಂಪಾಗಲೆಂದು ತಂದ ನಾನೇ ಮಗಳ ಕಣ್ಣಿಗೆ ಬಿಸಿಲು ತುಂಬಿದ ಹಾಗಾಯಿತಲ್ಲ!

ಪುಣ್ಯಕ್ಕೆ ಅವಳ ಕಣ್ಣಿಗೆ ಧೂಳು, ಬಿಸಿಲಿನ ಉರಿ ಬಿಟ್ಟರೆ ಏನೂ ಆಗಿರಲಿಲ್ಲ. ಡಾಕ್ಟರು ಔಷಧದ ಹನಿ ಬರೆದುಕೊಟ್ಟು, ಏಳುವ ಮುನ್ನ ನನ್ನ ಕಡೆ ನೋಡಿದರು. "ಅಕ್ಕಾರ, ನಿಮ್ಮ ಕಣ್ಣು ಯಾವಾಗಿಂದ ಹಿಂಗ ಅದ?"

ನನ್ನ ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಒಂದು ತೆಳ್ಳನೆಯ ಕೆಂಪು ಮಾಂಸದ ಪದರ ಕರಿಗುಡ್ಡೆಯ ಕಡೆ ಬೆಳೆಯುತ್ತಿತ್ತು. ಆರೇಳು ವರ್ಷದಿಂದ ಇದೆ. ಉಷ್ಣಕ್ಕೆ ಹೀಗಾಗಿದೆ ಎಂದು ಹರಳೆಣ್ಣೆ ತಲೆಗೆ ಹಚ್ಚಿಕೊಂಡು ಸುಮ್ಮನಿದ್ದೆ. ಅದಕ್ಕೆ ಟೆರಿಜಿಯಂ ಎಂದು ಹೆಸರಂತೆ. ಬಿಸಿಲು, ಗಾಳಿ, ಧೂಳಿನಲ್ಲಿ ಬಹುಕಾಲ ದುಡಿದವರಿಗೆ ಬರುವುದಂತೆ. ಬೆಳೆದದ್ದು ಚಸ್ಮಾದಿಂದ ಕರಗಿ ಹೋಗುವುದಿಲ್ಲ. ನೋಟಕ್ಕೆ ಅಡ್ಡ ಬಂದರೆ ಆಪರೇಷನ್ ಮಾಡಿ ತೆಗೆಯುತ್ತಾರೆ, ತೆಗೆದರೂ ಕೆಲವರಿಗೆ ತಿರುಗಿ ಬರುತ್ತದೆ. ಮೋತಿಬಿಂದುವಿಗೂ ಈ ಬಿಸಿಲು ಒಂದು ಕಾರಣವೇ.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ವಿಚಾರ. ತವರಿನಲ್ಲಿದ್ದಾಗ ಶಾಲೆ ಬಿಟ್ಟು ಬಂದು ಅಪ್ಪನ ಹೊಲದಲ್ಲಿ ಕಸ ತೆಗೆದೆ. ಮದುವೆಯಾದ ಮೇಲೆ ದಿನಾ ಮಟಮಟ ಮಧ್ಯಾಹ್ನ ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ನಡೆದೆ. ಒಬ್ಬರಾದರೂ, ಬಿಸಿಲಿಗೆ ಕಣ್ಣು ಮುಚ್ಚಿಕೊಳ್ಳುವ ಸಾಧನ ಒಂದಿದೆ, ಅದು ಬರೀ ಶೋಕಿಯದಲ್ಲ ಎಂದು ಹೇಳಿದ್ದರೆ! ಈಗ ತಿಳಿದ ಮೇಲೂ ಮಗಳಿಗೆ ಬೇಡ ಎನ್ನುವುದು ಯಾವ ನ್ಯಾಯ?

ಅದರ ಮರುವಾರ ತಾಯಿ ಮಗಳಿಬ್ಬರೂ ಕನ್ನಡಕದ ಅಂಗಡಿಗೆ ಹೋದೆವು. ಕವಿಚಕ್ರವರ್ತಿ ರನ್ನ ನಮ್ಮ ಊರಿನವನು, ಹತ್ತನೆಯ ಶತಮಾನದವನು, ಬಳೆಗಾರರ ಕುಲದಲ್ಲಿ ಹುಟ್ಟಿದವನು ಎಂಬುದು ನಿಮಗೆ ಗೊತ್ತಿದ್ದದ್ದೇ. ಬಳೆಗಾರ ಏನು ಮಾಡುತ್ತಾನೆ? ಮೊದಲು ಕೈ ಹಿಡಿದು ಅಳತೆ ನೋಡುತ್ತಾನೆ, ಆಮೇಲೆ ಸೀರೆಯ ಬಣ್ಣ ನೋಡುತ್ತಾನೆ. ಚಸ್ಮಾಕ್ಕೂ ಅದೇ ಕ್ರಮ. ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ನಿಮಗೂ ಉಪಯೋಗವಾದೀತು.

ಮೊದಲು ಗಾಜು. ಚೀಟಿಯ ಮೇಲೆ 'ಯುವಿ 400' ಎಂದಿರಬೇಕು. ಅಂದರೆ 400 ನ್ಯಾನೊಮೀಟರ್‌ವರೆಗಿನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದೆ. ಚೀಟಿಯನ್ನಷ್ಟೇ ನಂಬದೆ, ಅಂಗಡಿಯಲ್ಲಿ ಯಂತ್ರವಿದ್ದರೆ ಇಟ್ಟು ತೋರಿಸಿರೆಂದು ಕೇಳಿ, ನಾಚಿಕೆ ಬೇಡ. ಗಾಜಿನ ಕಪ್ಪಿಗೂ 0ಯಿಂದ 4ರವರೆಗೆ ನಂಬರ್ ಇದೆ. ನಮ್ಮ ಬಿಸಿಲಿಗೆ 3 ಸಾಕು, ನೂರರಲ್ಲಿ 8ರಿಂದ 18 ಪಾಲು ಬೆಳಕನ್ನು ಒಳಗೆ ಬಿಡುತ್ತದೆ. 4 ನಂಬರಿನದು ತೀರ ಕಪ್ಪು, ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ಬೂದು ಬಣ್ಣದ ಗಾಜಿನಲ್ಲಿ ವಸ್ತುಗಳ ಬಣ್ಣ ಇದ್ದಂತೆಯೇ ಕಾಣುತ್ತವೆ. ಕಂದು ಗಾಜಿನಲ್ಲಿ ತಗ್ಗುದಿಣ್ಣೆ ಚೆನ್ನಾಗಿ ತಿಳಿಯುತ್ತದೆ. ಹಳ್ಳಿಯ ರಸ್ತೆಗೆ ಮಗಳು ಕಂದು ಆರಿಸಿದಳು. ನೀಲಿ, ಗುಲಾಬಿ ಗಾಜು ಫೋಟೋಕ್ಕೆ ಚೆಂದ ಅಷ್ಟೇ. ಗಾಜನ್ನು ಕೈಯಲ್ಲಿ ಹಿಡಿದು ಅದರ ಮೂಲಕ ಬಾಗಿಲ ಚೌಕಟ್ಟು ನೋಡುತ್ತ ಮೆಲ್ಲಗೆ ಆಡಿಸಿ. ಗೆರೆ ಬಳುಕಿದರೆ ಆ ಗಾಜು ಬೇಡ. ಜಾತ್ರೆಯ ಚಸ್ಮಾದಿಂದ ತಲೆನೋವು ಬಂದದ್ದು ಇದಕ್ಕೇ. ಪೋಲರೈಸ್ಡ್ ಎಂಬ ಗಾಜು ಡಾಂಬರು ರಸ್ತೆಯ, ನೀರಿನ ಹೊಳಪನ್ನು ಕಡಿಮೆ ಮಾಡುತ್ತದೆ, ಆದರೆ ಮೊಬೈಲ್ ಪರದೆ ಕೆಲವು ಸಲ ಕಪ್ಪಾಗಿ ಕಾಣುತ್ತದೆ. ಹೊಲದ ಫೋಟೋ ಮೊಬೈಲಿನಲ್ಲಿ ತೆಗೆಯಬೇಕಾದ ಮಗಳಿಗೆ ಅದು ಹೊಂದಲಿಲ್ಲ.

ಎರಡನೆಯದು ಅಳತೆ. ಹುಬ್ಬಿನಿಂದ ಕೆನ್ನೆಯ ಮೇಲಿನವರೆಗೆ ಮುಚ್ಚಬೇಕು, ಪಕ್ಕದಿಂದಲೂ ಬಿಸಿಲು ತೂರಬಾರದು. ಹಾಕಿಕೊಂಡು ಜೋರಾಗಿ ನಕ್ಕು ನೋಡಿ. ಕೆನ್ನೆ ತಾಗಿ ಚಸ್ಮಾ ಮೇಲೆದ್ದರೆ ದೊಡ್ಡದಾಯಿತು. ಬಗ್ಗಿ ನೋಡಿ, ಜಾರಿದರೆ ಸಡಿಲ. ರೆಪ್ಪೆ ಗಾಜಿಗೆ ತಾಗಬಾರದು. ನಡುವಿನ ಸೇತುವೆ ಕುಂಕುಮಕ್ಕೆ ತಾಗಬಾರದು, ಬೆವರಿಗೆ ಕುಂಕುಮ ಕರಗಿ ಗಾಜಿಗೆ ಮೆತ್ತುತ್ತದೆ. ಹೆಲ್ಮೆಟ್ ಹಾಕುವವರಿಗೆ, ಝುಮುಕಿ ಇಡುವವರಿಗೆ ತೆಳ್ಳನೆಯ ನೆಟ್ಟನೆಯ ಕಡ್ಡಿಯೇ ಚಲೋ. ಗುಂಡು ಮುಖಕ್ಕೆ ತುಸು ಚೌಕ, ಚೌಕ ಮುಖಕ್ಕೆ ತುಸು ಗುಂಡು ಒಪ್ಪುತ್ತದೆ ಎನ್ನುತ್ತಾರೆ. ಕನ್ನಡಿಯೇ ಹೇಳುತ್ತದೆ ಬಿಡಿ.

ಇನ್ನು ಉಡುಪಿಗೆ ಒಪ್ಪುವ ಮಾತು. ನೌಕರಿಗೆ ಹೋಗುವವರು ದಿನಕ್ಕೊಂದು ಚಸ್ಮಾ ಇಡಲಾಗುವುದಿಲ್ಲ, ಒಂದೇ ಎಲ್ಲಕ್ಕೂ ಹೊಂದಬೇಕು. ಕರಿ ಚೌಕಟ್ಟು ಬಿಳಿ, ಬೂದು ಬಣ್ಣದ ಕುರ್ತಾಕ್ಕೆ ಗಂಭೀರವಾಗಿ ಕಂಡಿತು, ಖಣದ ಮೇಲೆ ಮಾತ್ರ ತುಸು ಬಿರುಸೆನಿಸಿತು. ಬಂಗಾರದ ತಂತಿಯದು ರೇಷ್ಮೆಗೆ ಚೆಂದ, ಆದರೆ ಸ್ಕೂಟರಿನ ಓಡಾಟದಲ್ಲಿ ಸೊಟ್ಟಾಗುತ್ತದೆ. ಕಡೆಗೆ ಆಮೆಚಿಪ್ಪಿನ ಹಾಗೆ ಕಂದು-ಜೇನು ಬಣ್ಣ ಬೆರೆತ ಚೌಕಟ್ಟು ಆರಿಸಿದೆವು. ಇಳಕಲ್ಲಿನ ಕೆಂಪು ಸೆರಗಿಗೂ ಅದು ಒಪ್ಪಿತು, ಖಣಕ್ಕೂ ಒಪ್ಪಿತು, ಅವಳ ಕಂದು ಚೀಲಕ್ಕೂ ಜೋಡಿಯಾಯಿತು. ಹರಳು, ಹೊಳೆಯುವ ದೊಡ್ಡ ಹೆಸರು ಯಾವುದೂ ಬೇಡವೆಂದಳು. "ಅವ್ವಾ, ಮಂದಿ ನನ್ನ ಮಾತು ಕೇಳಬೇಕು, ಚಸ್ಮಾ ನೋಡಬಾರದು" ಎಂದಳು. ಇಷ್ಟು ತಿಳಿವಳಿಕೆ ಯಾವಾಗ ಬಂತೋ ಇವಳಿಗೆ ಎಂದುಕೊಂಡೆ.

ಹಾಕಿಕೊಂಡು ಹೋದ ಮೊದಲ ದಿನ ಹಳ್ಳಿಯ ಹಿರಿಯ ರೈತರೊಬ್ಬರು, "ಯಾಕವ್ವಾ, ಕಣ್ಣ ಬ್ಯಾನಿ ಏನ?" ಎಂದರಂತೆ. ಮಗಳು ಕೂಡಲೇ ತೆಗೆದು ಕೈಯಲ್ಲಿ ಹಿಡಿದು, "ಇಲ್ಲರಿ ಕಾಕಾ, ಬ್ಯಾನಿ ಬರಬಾರದಂತ ಹಾಕ್ಕೊಂಡೀನಿ" ಎಂದಳಂತೆ. ಅವರು ಇಸಿದುಕೊಂಡು ತಾವೂ ಹಾಕಿ ನೋಡಿ, "ಮೋಡ ಆದಂಗ ಆತು ನೋಡು!" ಎಂದು ನಕ್ಕರಂತೆ. ಅಂದಿನಿಂದ ಅವಳದು ಒಂದೇ ನಿಯಮ. ದಾರಿಯಲ್ಲಿ, ಹೊಲದಲ್ಲಿ ಚಸ್ಮಾ ಇರಬೇಕು. ಹಿರಿಯರ ಜೊತೆ ಮಾತಾಡುವಾಗ, ಗುಡಿಯಲ್ಲಿ, ಕಚೇರಿಯಲ್ಲಿ ತೆಗೆಯಬೇಕು. ಸಾಲ ಕೇಳಲು ಬಂದವರಿಗೆ ನಮ್ಮ ಕಣ್ಣು ಕಾಣದಿದ್ದರೆ ನಂಬಿಕೆ ಹೇಗೆ ಬರಬೇಕು?

ಜೋಪಾನದ ಮಾತೂ ಹೇಳಿಬಿಡುತ್ತೇನೆ. ಗಾಜನ್ನು ಸೆರಗಿನಿಂದ ಒರೆಸಬೇಡಿ, ನಮ್ಮ ಧೂಳಿಗೆ ಗೆರೆ ಬೀಳುತ್ತದೆ. ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ. ತಲೆಯ ಮೇಲೆ ಏರಿಸಿಡಬೇಡಿ, ಕಡ್ಡಿ ಅಗಲವಾಗುತ್ತದೆ, ಎಣ್ಣೆ ಹತ್ತುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಬಿಡಬೇಡಿ. ರಾತ್ರಿ ಗಾಡಿ ಓಡಿಸುವಾಗ ಹಾಕಬೇಡಿ. ಇನ್ನೊಂದು ಮುಖ್ಯ ಮಾತು, ಎಂಥ ತಂಪು ಕನ್ನಡಕದಿಂದಲೂ ಗ್ರಹಣ ನೋಡಬಾರದು. 1980ರ ಫೆಬ್ರವರಿ 16ರಂದು ಅಂಕೋಲಾ, ರಾಯಚೂರಿನ ಕಡೆ ಖಗ್ರಾಸ ಸೂರ್ಯಗ್ರಹಣವಾಗಿತ್ತು. ಈಗಿನ ಹುಡುಗರು ಅಂಥದ್ದು ಬಂದರೆ ಗಾಗಲ್ ಹಾಕಿಕೊಂಡು ಅಂಗಳಕ್ಕೆ ಓಡಿಯಾರು, ಅದಕ್ಕೇ ಹೇಳಿದೆ.

ಮಗಳು ತನ್ನ ಸಂಬಳದಲ್ಲಿ ನನಗೂ ಒಂದು ತಂದಳು. ನನಗೆ ಚಾಳೀಸು ಬಂದು ಎರಡು ವರ್ಷ, ಆದರೆ ಓದಲು ಅಷ್ಟೇ ನಂಬರು ಬೇಕು, ದೂರಕ್ಕೆ ಬೇಡ. ಹಾಗಾಗಿ ಸಾದಾ ಗಾಜೇ ಸಾಕಾಯಿತು. ದೂರದ ನೋಟಕ್ಕೆ ನಂಬರಿದ್ದವರು ಅದೇ ನಂಬರಿನಲ್ಲಿ ತಂಪು ಗಾಜು ಮಾಡಿಸಿಕೊಳ್ಳಬಹುದು. ತಂದದ್ದು ಒಂದು ವಾರ ಕಪಾಟಿನಲ್ಲೇ ಇತ್ತು. ತಲೆ ಮೇಲೆ ಸೆರಗು, ಕಣ್ಣಿಗೆ ಗಾಗಲ್, ಓಣಿಯವರು ನಕ್ಕಾರೆಂದು ನನಗೆ ಸಂಕೋಚ.

ಕಪಾಟು ತೆಗೆದು ಹೊರಗಿಟ್ಟವರು ನಮ್ಮ ಅತ್ತೆ. ಎಂಬತ್ತರ ಹತ್ತಿರದ ಮುದುಕಿ, ಚಸ್ಮಾ ನನ್ನ ಕೈಗಿಟ್ಟು, "ನನಗ ಆಪರೇಷನ್ ಆದಮ್ಯಾಲೆ ಕೊಟ್ಟರು. ನೀ ಮೊದಲ ಹಾಕ್ಕೋ" ಎಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಈಗ ನಾನು ಬುತ್ತಿ ಒಯ್ಯುವಾಗ ಹಾಕಿಕೊಂಡೇ ಹೋಗುತ್ತೇನೆ. ನಾಲ್ಕು ದಿನ ಓಣಿಯ ವೈನಿಯರು ನಕ್ಕರು. ಐದನೆಯ ದಿನ ಒಬ್ಬರು ಮೆಲ್ಲಗೆ ಬಂದು, "ಎಷ್ಟಕ್ಕ ತಂದ್ರಿ? ನನ್ನ ಕಣ್ಣಾಗೂ ಹಂಗ ಮಾಂಸ ಬೆಳದೈತಿ" ಎಂದು ಕೇಳಿದರು. ಮೊದಲು ಡಾಕ್ಟರರಿಗೆ ತೋರಿಸಿಕೊಂಡು ಬನ್ನಿ, ಆಮೇಲೆ ಅಂಗಡಿಗೆ ಇಬ್ಬರೂ ಕೂಡಿ ಹೋಗೋಣ ಎಂದಿದ್ದೇನೆ. ನನ್ನ ಕಣ್ಣಿನದು ಸದ್ಯಕ್ಕೆ ಇದ್ದಲ್ಲೇ ಇದೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. ಸೋದರಿಯರೇ, ನಿಮ್ಮ ಮನೆಯ ಹುಡುಗಿಯೂ ಬಿಸಿಲಿಗೆ ನೌಕರಿಗೆ ಹೋಗುವವಳಾದರೆ ಸೀರೆ, ಚೀಲ, ಬೂಟಿನ ಜೊತೆಗೆ ಇದನ್ನೂ ಯಾದಿಯಲ್ಲಿ ಬರೆಯಿರಿ. ಹಾಗೇ ಒಮ್ಮೆ ಕನ್ನಡಿಯಲ್ಲಿ ನಿಮ್ಮ ಕಣ್ಣನ್ನೂ ನೋಡಿಕೊಳ್ಳಿ.