ಬೆಳಕಿನ ಫೋಟೋದಲ್ಲಿ ಕಾಣದವರು



ನಮ್ಮ ಇಗರ್ಜಿಯ ವಾರ್ಷಿಕ ಹಬ್ಬದ ಫೋಟೋಗಳನ್ನು ಸಭಾಭವನದ ಬೋರ್ಡಿನಲ್ಲಿ ಹಾಕಿದ ದಿನದಿಂದ ಹಲವರು ನಮಗೆ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಸುಡುಮದ್ದು ಹೀಗೆ ಹೂವಿನ ಹಾಗೆ ಬಂದದ್ದು ಹೇಗೆ? ನಮ್ಮ ಮೊಬೈಲಿನಲ್ಲಿ ಬರೀ ಹೊಗೆ ಮತ್ತು ನಾಲ್ಕು ಬಿಳಿ ಚುಕ್ಕೆ!" ಉತ್ತರವನ್ನು ಇಲ್ಲಿ ಬರೆದಿಡುತ್ತೇವೆ. ಅದರ ಜೊತೆಗೆ, ಆ ಫೋಟೋ ತೆಗೆಯುವಾಗ ನಮ್ಮ ಮನಸ್ಸಿಗೆ ಬಂದ ಇನ್ನೊಂದು ವಿಷಯವನ್ನೂ ಹೇಳಬೇಕೆಂದಿದೆ.

ಸುಡುಮದ್ದಿನ ಫೋಟೋದಲ್ಲಿ ನಾಲ್ಕೈದು ಸೆಕೆಂಡುಗಳು ಒಂದೇ ಚಿತ್ರದೊಳಗೆ ಕೂತಿರುತ್ತವೆ. ಬಾಣ ಮೇಲೇರುವ ಗೆರೆ, ಅದು ಒಡೆದು ಅರಳುವುದು, ಕಿಡಿಗಳು ಬಾಗಿ ಕೆಳಗಿಳಿಯುವುದು, ಇಷ್ಟೂ ಸೇರಿದರೆ ಮಾತ್ರ ಹೂವು. ಅಷ್ಟು ಹೊತ್ತು ಕ್ಯಾಮೆರಾದ ಶಟರ್ ತೆರೆದಿರಬೇಕು. ಇದಕ್ಕೆ ಲಾಂಗ್ ಎಕ್ಸ್‌ಪೋಶರ್ ಎನ್ನುತ್ತಾರೆ. ಅಷ್ಟು ಹೊತ್ತು ಯಾರ ಕೈಯೂ ಅಲುಗದೆ ನಿಲ್ಲುವುದಿಲ್ಲ. ಆದ್ದರಿಂದ ಟ್ರೈಪಾಡ್ ಬೇಕೇ ಬೇಕು. ಇಲ್ಲದಿದ್ದರೆ ಕೆಂಪು ಕಲ್ಲಿನ ಕಟ್ಟೆಯ ಮೇಲೆ ಒಂದು ಅಕ್ಕಿಯ ಚೀಲ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದರೂ ಆಗುತ್ತದೆ.

ನಾವು ಇಟ್ಟ ಲೆಕ್ಕ ಹೀಗಿದೆ: ಐಎಸ್‌ಒ 100, ಅಪರ್ಚರ್ ಎಫ್ 11, ಶಟರ್ 4ರಿಂದ 6 ಸೆಕೆಂಡ್. ಫೋಕಸನ್ನು ಆಟೋದಿಂದ ತೆಗೆದು, ದೂರದ ಇಗರ್ಜಿ ಗೋಪುರದ ಶಿಲುಬೆಯ ದೀಪಕ್ಕೆ ಹೊಂದಿಸಿ ಅಲ್ಲೇ ಬಿಟ್ಟೆವು. ಕತ್ತಲೆಯಲ್ಲಿ ಆಟೋ ಫೋಕಸ್ ತಡಕಾಡುತ್ತಾ ಇರುತ್ತದೆ, ಅಷ್ಟರಲ್ಲಿ ಬಾಣ ಒಡೆದು ಮುಗಿದಿರುತ್ತದೆ. ಫ್ಲ್ಯಾಶ್ ಬಂದ್. ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, ಅದಕ್ಕೆ ರಿಮೋಟ್ ಬಳಸಿದೆವು. ಮೊಬೈಲಿನಲ್ಲಿ ಪ್ರೊ ಮೋಡ್ ಇದ್ದರೆ ಅಲ್ಲೂ ಶಟರಿನ ಸೆಕೆಂಡುಗಳನ್ನು ನಾವೇ ಇಡಬಹುದು. ಗುಂಡಿ ಒತ್ತಿದ 2 ಸೆಕೆಂಡಿನ ಮೇಲೆ ತೆಗೆಯುವ ಟೈಮರ್ ಇಟ್ಟರೆ ಅಲುಗುವ ತೊಂದರೆಯೂ ಇಲ್ಲ. ಕೆಲವು ಕ್ಯಾಮೆರಾಗಳಲ್ಲಿ ಬಲ್ಬ್ ಎಂಬ ಆಯ್ಕೆ ಉಂಟು. ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ. ಹಿಂದಿನ ಕಾಲದಲ್ಲಿ ಫೋಟೋದವರು ರಬ್ಬರಿನ ಬಲ್ಬನ್ನು ಹಿಸುಕಿ, ಗಾಳಿಯ ಒತ್ತಡದಿಂದ ಶಟರ್ ತೆರೆಯುತ್ತಿದ್ದರು. ಆ ಹೆಸರು ಹಾಗೇ ಉಳಿದಿದೆ.

ಹೆಚ್ಚು ಹೊತ್ತು ತೆರೆದಿಟ್ಟರೆ ಕಿಡಿಗಳು ಹೆಚ್ಚು ಬೆಳಗುತ್ತವೆ ಎಂದು ಅನಿಸುವುದು ಸಹಜ. ಆದರೆ ಕಿಡಿ ಓಡುತ್ತಲೇ ಇರುತ್ತದೆ. ಚಿತ್ರದ ಯಾವ ಒಂದು ಜಾಗದಲ್ಲೂ ಅದು ನಿಲ್ಲುವುದಿಲ್ಲ. ಹಾಗಾಗಿ ಗೆರೆ ಎಷ್ಟು ಬೆಳಗಬೇಕು ಎನ್ನುವುದನ್ನು ಅಪರ್ಚರ್ ಮತ್ತು ಐಎಸ್‌ಒ ತೀರ್ಮಾನಿಸುತ್ತವೆ. ಸೆಕೆಂಡುಗಳು ಹೆಚ್ಚಾದರೆ ಗೆರೆಗಳ ಸಂಖ್ಯೆ ಹೆಚ್ಚಾಗುತ್ತದೆ, ಆಕಾಶ ಬೆಳ್ಳಗಾಗುತ್ತದೆ, ಅಷ್ಟೇ. ಅಪರ್ಚರ್ ಅಗಲವಾಗಿದ್ದರೆ ಬಣ್ಣವೂ ಹೋಗುತ್ತದೆ. ಸ್ಟ್ರಾನ್ಷಿಯಂ ಕೊಡುವ ಕೆಂಪು, ಬೇರಿಯಂ ಕೊಡುವ ಹಸಿರು, ತಾಮ್ರ ಕೊಡುವ ನೀಲಿ, ಎಲ್ಲವೂ ಬಿಳಿಯಾಗಿ ಬಿಡುತ್ತವೆ. ನೀಲಿ ಮೊದಲೇ ಮಂದ. ಬಹಳ ಬಿಸಿಯಾದರೆ ಆ ಬಣ್ಣ ನಿಲ್ಲುವುದಿಲ್ಲ, ಒಳ್ಳೆಯ ನೀಲಿ ತಯಾರಿಸುವುದು ಮದ್ದಿನ ಕೆಲಸದವರಿಗೇ ಕಷ್ಟ.

ಒಂದು ಕಪ್ಪು ರಟ್ಟು ಜೊತೆಗಿರಲಿ. ಶಟರ್ ತೆರೆದಿಟ್ಟು, ಒಂದು ಬಾಣ ಅರಳಿ ಮುಗಿದ ಕೂಡಲೇ ರಟ್ಟನ್ನು ಲೆನ್ಸಿಗೆ ತಾಗದಂತೆ ಅಡ್ಡ ಹಿಡಿಯಿರಿ. ಮುಂದಿನದು ಏರುವಾಗ ತೆಗೆಯಿರಿ. ಹೀಗೆ ಎರಡು ಮೂರು ಹೂವುಗಳನ್ನು ಒಂದೇ ಚಿತ್ರದಲ್ಲಿ ಪಡೆಯಬಹುದು. ಅದಕ್ಕಿಂತ ಹೆಚ್ಚಾದರೆ ಒಂದರ ಮೇಲೆ ಒಂದು ಬಿದ್ದು ಕಲಸಿಹೋಗುತ್ತದೆ.

ಗಾಳಿಯನ್ನೂ ನೋಡಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿಯಾದಂತೆ ಗುಡ್ಡದ ಕಡೆಯಿಂದ ಕಡಲಿಗೆ ತಿರುಗುತ್ತದೆ. ಗಾಳಿ ನಮ್ಮ ಬೆನ್ನಿಗೆ ಬೀಸುವಂತೆ ನಿಂತರೆ ಹೊಗೆ ಆಚೆ ಹೋಗುತ್ತದೆ. ಮೊದಲ ಎರಡು ಮೂರು ನಿಮಿಷಗಳಲ್ಲೇ ಒಳ್ಳೆಯ ಚಿತ್ರ ಸಿಗುವುದು, ಆಮೇಲೆ ಆಕಾಶವೆಲ್ಲ ಹೊಗೆ. ದೂರವನ್ನು ಅಳೆಯಲು ಒಂದು ಸುಲಭ ಉಪಾಯ: ಬೆಳಕು ಕಂಡ ಮೇಲೆ ಶಬ್ದ ಕೇಳುವವರೆಗೆ ಎಣಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬೆಳಕು, ಶಬ್ದ ಎರಡೂ ಒಟ್ಟೊಟ್ಟಿಗೇ ಬಂದರೆ ನೀವು ತೀರಾ ಹತ್ತಿರ ಇದ್ದೀರಿ. ಫೋಟೋ ಬಿಡಿ, ಮೊದಲು ಹಿಂದೆ ಸರಿಯಿರಿ.

ಇನ್ನು ನಾವು ಹೇಳಬೇಕೆಂದಿದ್ದ ಇನ್ನೊಂದು ವಿಷಯ.

1838ರಲ್ಲಿ ಪ್ಯಾರಿಸಿನಲ್ಲಿ ದಗೇರ್ ಎಂಬವರು ಕಿಟಕಿಯಿಂದ ಒಂದು ಬೀದಿಯ ಚಿತ್ರ ತೆಗೆದರು. ಗಾಡಿ, ಕುದುರೆ, ಜನರಿಂದ ತುಂಬಿದ ಬೀದಿ. ಆದರೆ ಆಗಿನ ತಟ್ಟೆಗೆ ಬೆಳಕು ಹಿಡಿಯಲು ಕೆಲವು ನಿಮಿಷಗಳೇ ಬೇಕಾಗಿದ್ದವು. ನಡೆಯುತ್ತಿದ್ದವರು ಯಾರೂ ಚಿತ್ರದಲ್ಲಿ ಉಳಿಯಲಿಲ್ಲ. ಬೀದಿ ಖಾಲಿ ಕಾಣುತ್ತದೆ. ಒಂದು ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಮಾತ್ರ ಸ್ಪಷ್ಟವಾಗಿದ್ದಾನೆ. ನಿಂತವನು ಉಳಿದ, ಓಡಾಡಿದವರು ಅಳಿಸಿಹೋದರು.

ನಮ್ಮ ಹಬ್ಬದ ಫೋಟೋದಲ್ಲೂ ಹಾಗೇ. ಗೋಪುರ ಉಂಟು, ತೆಂಗಿನ ಮರಗಳು ಉಂಟು, ಆಕಾಶದಲ್ಲಿ ಕೆಂಪು ಹಸಿರು ಹೂವು ಉಂಟು. ಕೆಳಗೆ ಗದ್ದೆಯಲ್ಲಿ ಒಂದು ಕೊಳವೆಯಿಂದ ಇನ್ನೊಂದಕ್ಕೆ ಓಡಿ ಬತ್ತಿಗೆ ಬೆಂಕಿ ಕೊಟ್ಟವರು ಇಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನೆಲದ ಹತ್ತಿರ ಸಣ್ಣದೊಂದು ಅಂಕುಡೊಂಕು ಹಳದಿ ಗೆರೆ ಕಂಡಿತು. ಅದು ಅವರ ಕೈಯಲ್ಲಿದ್ದ ಟಾರ್ಚ್.

ಅವರನ್ನು ನಾವೆಲ್ಲ ಮಾಮ್ ಎಂದೇ ಕರೆಯುವುದು. ಲೈಸೆನ್ಸ್ ಇರುವ ತಂಡದೊಂದಿಗೆ ವರ್ಷಗಳಿಂದ ಈ ಕೆಲಸ ಮಾಡುತ್ತಾ ಬಂದವರು. ಇಗರ್ಜಿ, ದೇವಸ್ಥಾನ, ಉರೂಸ್, ಎಲ್ಲಿ ಕರೆದರೂ ಹೋಗುತ್ತಾರೆ. ಹಬ್ಬದ ಹಿಂದಿನ ಸಂಜೆ ವೆಸ್ಪರ್ ಮುಗಿಯುವ ಮೊದಲೇ ಗದ್ದೆಗಿಳಿದು ಕೊಳವೆಗಳನ್ನು ಹೂಳುತ್ತಾರೆ. "ನಿಮ್ಮದೊಂದು ಫೋಟೋ ತೆಗೆಯುತ್ತೇವೆ ಮಾಮ್" ಎಂದು ಕೇಳಿದಾಗ ನಕ್ಕು, "ನಂದು ಎಂತಕ್ಕೆ ಮಕ್ಕಳೇ? ಮೇಲೆ ನೋಡಿ, ಮೇಲೆ" ಎಂದರು.

2024ರ ಅಕ್ಟೋಬರ್ 28ರ ರಾತ್ರಿ ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ, ದೈವದ ಕಾವಿನ ಉತ್ಸವದಲ್ಲಿ ಸುಡುಮದ್ದಿಗೆ ಬೆಂಕಿ ತಗಲಿದ್ದು ನಿಮಗೆಲ್ಲ ನೆನಪಿದೆ. 150ಕ್ಕೂ ಹೆಚ್ಚು ಜನ ಗಾಯಗೊಂಡರು. ಮುಂದಿನ ದಿನಗಳಲ್ಲಿ ಕೆಲವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಆ ಭಾನುವಾರ ನಾವು ಅವರಿಗಾಗಿ ಪ್ರಾರ್ಥಿಸಿದೆವು. ಆಮೇಲೆ ನಮ್ಮ ಹಬ್ಬದ ತಯಾರಿಯ ಸಭೆಯಲ್ಲಿ ಮಾತು ಎದ್ದಿತು: ಈ ಬಾರಿ ಸುಡುಮದ್ದು ಬೇಕೋ, ಬೇಡವೋ?

ಸಭೆ ಉದ್ದವಾಯಿತು. ಹಿರಿಯರೊಬ್ಬರು, "ಗರ್ನಾಲಿನ ಶಬ್ದ ಕೇಳದಿದ್ದರೆ ಆಚೆ ಗುಡ್ಡದವರಿಗೆ ನಮ್ಮ ಹಬ್ಬ ಎಂದು ಗೊತ್ತಾಗುವುದು ಹೇಗೆ?" ಎಂದರು. ಅದೂ ಸತ್ಯವೇ. ಮೈಕ್ ಇಲ್ಲದ ಕಾಲದಲ್ಲಿ ಆ ಶಬ್ದವೇ ಕರೆಯೋಲೆಯಾಗಿತ್ತು. ಇಗರ್ಜಿಯ ಹಿಂದಿನ ಮನೆಯ ಅಕ್ಕ, "ನಮ್ಮ ಅಪ್ಪ ಹಾಸಿಗೆ ಹಿಡಿದಿದ್ದಾರೆ, ಪ್ರತಿ ಗರ್ನಾಲಿಗೂ ಬೆಚ್ಚಿ ಬೀಳುತ್ತಾರೆ" ಎಂದರು. ನಮ್ಮೊಳಗೂ ಒಮ್ಮತ ಇರಲಿಲ್ಲ. ಕೆಲವರಿಗೆ ಪೂರ್ತಿ ನಿಲ್ಲಿಸಬೇಕು. ಕೆಲವರಿಗೆ, ಫೋಟೋ ತೆಗೆಯುವ ಆಸೆಯೂ ಸೇರಿ, ಇರಬೇಕು.

ಕೊನೆಗೆ ಫಾದರ್ ಮಾಮ್ ಅವರನ್ನೇ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು: "ಕಡಿಮೆ ಮಾಡಿದರೆ ನನಗೆ ಸಂಬಳ ಕಡಿಮೆ. ಆದರೆ ಆ ರಾತ್ರಿ ಮನೆಯಲ್ಲಿ ಅವಳಿಗೆ ನಿದ್ದೆ ಬರ್ತದೆ." ಅವರ ಹೆಂಡತಿ ಪ್ರತಿ ಹಬ್ಬದ ರಾತ್ರಿ ಅವರು ಮನೆ ಸೇರುವವರೆಗೆ ಜಪಸರ ಹಿಡಿದು ಕೂತಿರುತ್ತಾರಂತೆ. ಇಷ್ಟು ವರ್ಷ ನಾವು ಮೇಲೆ ನೋಡಿ ಚಪ್ಪಾಳೆ ತಟ್ಟುವ ಹೊತ್ತಿಗೆ ಒಂದು ಮನೆಯಲ್ಲಿ ಹೀಗೊಂದು ಪ್ರಾರ್ಥನೆ ನಡೆಯುತ್ತಿತ್ತು.

ಗರ್ನಾಲು ಬೇಡ, ಬಣ್ಣದ ಬಾಣ ಹನ್ನೆರಡು ಮಾತ್ರ ಎಂದು ತೀರ್ಮಾನವಾಯಿತು. ಗದ್ದೆಯ ಸುತ್ತ ದೂರದಲ್ಲಿ ಹಗ್ಗ ಕಟ್ಟಿ, ಅಲ್ಲಿ ನಿಲ್ಲುವ ಕೆಲಸ ಯುವಜನರಿಗೆ ಬಂತು. ಮಾಮ್ ಅವರ ಸಂಬಳದಲ್ಲಿ ಮಾತ್ರ ಕಡಿತ ಮಾಡಲಿಲ್ಲ. ಉಳಿದ ಹಣ ಊರಿನ ಪಾಲಿಯೇಟಿವ್ ಆರೈಕೆಗೆ ಹೋಯಿತು. ಇಷ್ಟರಿಂದ ಎಲ್ಲರಿಗೂ ಸಮಾಧಾನವಾಯಿತು ಎನ್ನಲಾರೆವು. ಮುಂದಿನ ವರ್ಷ ಮತ್ತೆ ಈ ಮಾತು ಬರುತ್ತದೆ, ಬರಲಿ.

ಹನ್ನೆರಡೇ ಬಾಣ ಎಂದಾಗ ಕ್ಯಾಮೆರಾ ಹಿಡಿದ ನಮಗೆ ಒಂದೊಂದಕ್ಕೂ ಕಾಯಬೇಕಾಯಿತು. ಒಂದು ಆರಿ, ಹೊಗೆ ಸರಿದು, ನಕ್ಷತ್ರ ಕಂಡ ಮೇಲೆ ಇನ್ನೊಂದು. ಬೋರ್ಡಿನಲ್ಲಿರುವ ಚಿತ್ರಗಳು ಆ ರಾತ್ರಿಯವು. ಹಳದಿ ಗೆರೆ ಇರುವ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಮಾಮ್ ಅವರ ಮನೆಗೆ ಕೊಟ್ಟು ಬಂದೆವು. ಗೆರೆಯನ್ನು ತೋರಿಸಿ "ಇದು ನೀವು" ಎಂದಾಗ ಅವರಿಗಿಂತ ಮೊದಲು ಅವರ ಹೆಂಡತಿ ಕನ್ನಡಕ ಹುಡುಕಿದರು.

ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸು, ಯಾರಿಗೂ ಕಾಣದಂತೆ ಮಾಡಿದ ಒಳಿತನ್ನು ತಂದೆ ನೋಡುತ್ತಾರೆ ಎನ್ನುತ್ತಾರೆ. ಕ್ಯಾಮೆರಾಕ್ಕೆ ಅಂಥ ಕಣ್ಣಿಲ್ಲ. ಉರಿದದ್ದನ್ನು ಹಿಡಿಯುತ್ತದೆ, ಉರಿಸಿದವರನ್ನು ಬಿಡುತ್ತದೆ. ಹಬ್ಬದಲ್ಲಿ ಅಡುಗೆ ಮಾಡಿದವರು, ಅಲ್ತಾರಿನ ಬಟ್ಟೆ ಇಸ್ತ್ರಿ ಮಾಡಿದವರು, ಪಾರ್ಕಿಂಗಿನಲ್ಲಿ ನಿಂತು ಬಲಿಪೂಜೆಯನ್ನು ದೂರದಿಂದಲೇ ಕೇಳಿದವರು, ಇವರೂ ಯಾವ ಆಲ್ಬಮಿನಲ್ಲೂ ಸಿಗುವುದಿಲ್ಲ. ಹುಡುಕಿ ಹೋಗಿ ಅವರಿಗೊಂದು ಮಾತು ಹೇಳುವ ಕೆಲಸ ನಮಗೆ ಬಿಟ್ಟದ್ದು.

ಕ್ರಿಸ್ಮಸ್ ಬರುತ್ತಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದಂತೆ ಕ್ರಿಸ್ಮಸ್ ಮತ್ತು ಹೊಸ ವರ್ಷದ ರಾತ್ರಿ ಪಟಾಕಿಗೆ ಸಮಯ 11:55ರಿಂದ 12:30ರವರೆಗೆ, ಅಂದರೆ 35 ನಿಮಿಷ. ಫೋಟೋ ಕಲಿಯಬೇಕೆನ್ನುವವರು ಆ ರಾತ್ರಿ ಬಲಿಪೂಜೆಯ ನಂತರ ಶಾಲೆಯ ಕಟ್ಟೆಯ ಬಳಿ ಬನ್ನಿ, ನಾವು ಇರುತ್ತೇವೆ. ಹತ್ತಿಯ ಬಟ್ಟೆ ಹಾಕಿ ಬನ್ನಿ. ಒಂದು ಬಕೆಟ್ ನೀರು ಹತ್ತಿರ ಇರಲಿ, ಸಿಡಿಯದೆ ಉಳಿದದ್ದನ್ನು ಯಾರೂ ಕೈಯಲ್ಲಿ ಮುಟ್ಟುವುದು ಬೇಡ. ಬೆಳಿಗ್ಗೆ ಮೊದಲ ಪೂಜೆಗೆ ಮುಂಚೆ ಅಂಗಳದ ಕಾಗದದ ಚೂರು ಗುಡಿಸಲು ಒಬ್ಬ ಅಜ್ಜಿ ಬರುತ್ತಾರೆ. ಈ ಸಲ ಅವರಿಗಿಂತ ಅರ್ಧ ಗಂಟೆ ಮೊದಲು ಪೊರಕೆ ಹಿಡಿದು ನಾವು ಅಲ್ಲಿರೋಣ.