ತೊಟ್ಟಿಲಿನ ಬಣ್ಣ

ಆಷಾಢದ ಮಳೆಯಲ್ಲಿ ಬಟ್ಟೆ ಒಣಗಿಸಿಕೊಳ್ಳುವ ಕಷ್ಟವು ಮಲೆನಾಡಿನ ಗೃಹಸ್ಥರೆಲ್ಲರಿಗೂ ತಿಳಿದುದೇ. ಬಣ್ಣವನ್ನು ಒಣಗಿಸುವ ಕಷ್ಟವು ಅದಕ್ಕಿಂತಲೂ ಹೆಚ್ಚಿನದೆಂಬುದು ಕಳೆದ ವರ್ಷದವರೆಗೆ ನಮಗೆ ತಿಳಿದಿರಲಿಲ್ಲ.

ನಮ್ಮ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಕೂಸು ಹುಟ್ಟಿತು, ಹನ್ನೆರಡನೆಯ ದಿವಸ ನಾಮಕರಣವೆಂದು ನಿಶ್ಚಯವಾಯಿತು. ಅಟ್ಟದ ಮೇಲೆ ಕಬ್ಬಿಣದ ತೊಟ್ಟಿಲೊಂದಿದ್ದಿತು. ಮಗಳೂ ಅವಳ ತಮ್ಮನೂ ಮಲಗಿ ಬೆಳೆದುದು ಅದರಲ್ಲಿಯೇ. ತುಕ್ಕು ಹಿಡಿದಿದ್ದ ಅದಕ್ಕೆ ಹೊಸ ಬಣ್ಣ ಕೊಟ್ಟು ಮೊಮ್ಮಗಳನ್ನು ಮಲಗಿಸಬೇಕೆಂಬ ಆಸೆ ನಮಗೆ. ಇನ್ನು ನಾಲ್ಕೇ ದಿನವಿರುವಾಗ ಪೇಟೆಗೆ ಹೋಗಿ ಪ್ರೈಮರಿನ ಸ್ಪ್ರೇ ಡಬ್ಬಿಯೊಂದನ್ನೂ ಹಸುರು ಎನಾಮಲ್ಲಿನ ಡಬ್ಬಿಗಳೆರಡನ್ನೂ ತಂದೆವು. "ಅರ್ಧ ಗಂಟೆ ಸಾಕು ಸ್ವಾಮಿ, ಒಣಗಿಬಿಡುತ್ತದೆ" ಎಂದ ಅಂಗಡಿಯವನ ಮಾತನ್ನು ವೇದವಾಕ್ಯವೆಂದು ನಂಬಿದೆವು.

ಈ ಡಬ್ಬಿಬಣ್ಣದ ಹುಟ್ಟೂ ಒಂದು ಸಂಸಾರದ ಕಥೆಯೇ. 1949ರಲ್ಲಿ ಅಮೆರಿಕೆಯ ಇಲಿನಾಯ್ ಸಂಸ್ಥಾನದ ಸಿಕಮೋರ್ ಎಂಬ ಊರಿನಲ್ಲಿ ಎಡ್ವರ್ಡ್ ಸೀಮೋರ್ ಎಂಬಾತನು, ಹೆಂಡತಿಯ ಸಲಹೆಯಂತೆ, ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ಸಿಂಪಡಿಸಿ ನೋಡಿದನು. ನಾವೂ ಮನೆಯಾಕೆಯ ಮಾತನ್ನು ಕೇಳಿದ್ದರೆ ಎರಡು ದಿನ ಉಳಿಯುತ್ತಿದ್ದಿತು. "ಅವಸರಕ್ಕೆ ದಪ್ಪ ಹೊಡೆಯಬೇಡಿ, ದಪ್ಪ ದೋಸೆಯ ಒಳಗು ಹಸಿಯೇ ಉಳಿಯುತ್ತದೆ, ನೋಡಿ" ಎಂದು ಆಕೆ ಮೊದಲೇ ಹೇಳಿದ್ದಳು.

ಹಳೆಯ ಬಣ್ಣವನ್ನು ಉಜ್ಜುವಾಗ ಮಾತ್ರ ಎಚ್ಚರ ತಪ್ಪಲಿಲ್ಲ. ನಮ್ಮ ದೇಶದಲ್ಲಿ ಮನೆಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಎಷ್ಟಿದ್ದಿತೋ ಯಾರು ಬಲ್ಲರು? ಆದುದರಿಂದ ಧೂಳೇಳದಂತೆ ನೀರು ಹಾಕಿ, ಬಾಣಂತಿಯ ಕೋಣೆಯಿಂದ ದೂರ ಕೊಟ್ಟಿಗೆಯ ಆಚೆ ಕುಳಿತು, ಮೂಗಿಗೆ ಮುಸುಕು ಕಟ್ಟಿಕೊಂಡು ಉಜ್ಜಿದೆವು. ಆ ಸಂಜೆಯೇ ಪ್ರೈಮರನ್ನು ಧಾರಾಳವಾಗಿ ಹೊಡೆದೆವು. ಬೆಳಿಗ್ಗೆ ಮುಟ್ಟಿದರೆ ಕೈಗೆ ಅಂಟಲಿಲ್ಲ. ಅದರ ಮೇಲೆ ಹಸುರು ಬಣ್ಣ ಬಿದ್ದಿತು. ಮಧ್ಯಾಹ್ನದೊಳಗೆ ತೊಟ್ಟಿಲ ಮೈಯೆಲ್ಲ ನೆನೆದ ಹಪ್ಪಳದಂತೆ ಸುಕ್ಕುಗಟ್ಟಿತು!

ಕನ್ನಡಕ ಹಾಕಿಕೊಂಡು ಡಬ್ಬಿಯ ಸಣ್ಣಕ್ಷರಗಳನ್ನು ಓದಿದ್ದು ಆಮೇಲೆ. ಮುಂದಿನ ಪದರವನ್ನು ಒಂದು ಗಂಟೆಯೊಳಗೆ ಹೊಡೆಯಬೇಕು, ಇಲ್ಲವೆ 24 ಗಂಟೆ ಕಾಯಬೇಕು ಎಂದಿದ್ದಿತು. ಕಾರಣವಿಷ್ಟೆ: ಬಣ್ಣದೊಳಗಿನ ದ್ರಾವಕವು ಮೊದಲು ಆವಿಯಾಗಬೇಕು, ಬಳಿಕ ಎನಾಮಲ್ಲು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗಬೇಕು. ದಪ್ಪವಾಗಿ ಹೊಡೆದರೆ ಮೇಲೆ ಕೆನೆ ಕಟ್ಟಿ ಒಳಗಿನ ದ್ರಾವಕವು ಸೆರೆಯಾಗುತ್ತದೆ. ಆ ಕೆನೆಯ ಮೇಲೆ ಹೊಸ ಬಣ್ಣ ಬಿದ್ದರೆ ಅದರ ದ್ರಾವಕವನ್ನು ಕುಡಿದು ಕೆನೆಯು ಉಬ್ಬಿ ಮಡಿಚಿಕೊಳ್ಳುತ್ತದೆ.

ಸಲಹೆ ಕೊಡುವವರಿಗೆ ಕಡಿಮೆಯಿರಲಿಲ್ಲ. ಅಡಿಕೆ ಒಣಗಿಸುವಂತೆ ಬಚ್ಚಲೊಲೆಯ ಹತ್ತಿರ ಇಟ್ಟುಬಿಡಿ ಎಂದರು ನೆರೆಯವರು. ನಾವು ಎತ್ತಿಯೂ ಇದ್ದೆವು, ಮಗಳು ಒಳಗಿನಿಂದಲೇ ಕೂಗಿಕೊಂಡಳು: "ಅಪ್ಪಯ್ಯ, ಅದು ಹೊತ್ತಿಕೊಳ್ಳುತ್ತದೆ!" ಆಕೆ ಹೇಳಿದುದು ಸತ್ಯ. ಬಣ್ಣದ ಆವಿಗೂ ಡಬ್ಬಿಯ ಅನಿಲಕ್ಕೂ ಬೆಂಕಿ ತಗುಲಿದರೆ ಮನೆಯೇ ಉಳಿಯದು.

ಥಿನ್ನರು ಹಾಕಿ ಕೆರೆದು ತೆಗೆಯುವುದರಲ್ಲಿ ಆ ದಿನ ಮುಗಿಯಿತು. ಮರುದಿನ ಮಳೆ ಹೊಳವಾಗಿ ಬಿಸಿಲು ಬಂದಾಗ ಕಬ್ಬಿಣವನ್ನು ಅಂಗಳದಲ್ಲಿಟ್ಟು ಬೆಚ್ಚಗಾಗಿಸಿ, ಬಣ್ಣ ಹೊಡೆಯುವುದನ್ನು ಮಾತ್ರ ಜಗಲಿಯ ನೆರಳಿನಲ್ಲಿ ಮಾಡಿದೆವು. ಸುಡುಬಿಸಿಲಿನಲ್ಲಿ ಹೊಡೆದರೆ ಗುಳ್ಳೆಯೇಳುತ್ತದೆ. ತೇವದ ಗಾಳಿಯಲ್ಲಿ ಹೊಡೆದರೆ ಆರುವಾಗ ತಣ್ಣಗಾಗುವ ಮೈಮೇಲೆ ನೀರು ಕೂತು ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ, ಒಂದಡಿ ದೂರದಿಂದ, ಕಬ್ಬಿಣ ಇನ್ನೂ ಕಾಣುವಷ್ಟು ತೆಳ್ಳಗೆ ಒಂದು ಪದರ, ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಹೀಗೆ ಮೂರು. ಅನಂತರ ಉಪ್ಪರಿಗೆಯ ಕೋಣೆಗೆ ಸಾಗಿಸಿ, ಕಿಟಕಿಗಳನ್ನು ತೆರೆದು, ಫ್ಯಾನನ್ನು ತೊಟ್ಟಿಲಿನತ್ತ ತಿರುಗಿಸದೆ ಗೋಡೆಯತ್ತ ತಿರುಗಿಸಿದೆವು. ಗಾಳಿಯಾಡಬೇಕು, ಧೂಳು ಮಾತ್ರ ಕೂರಬಾರದು. 24 ಗಂಟೆಯ ಬಳಿಕ ಹಸುರು ಬಣ್ಣವೂ ಹಾಗೆಯೇ ಆಯಿತು. ಸಂಜೆಗೆ ಬೆರಳಿಟ್ಟರೆ ಗುರುತು ಬೀಳಲಿಲ್ಲ. ನಮ್ಮ ಹಿಗ್ಗನ್ನು ಏನೆಂದು ಹೇಳಲಿ!

ನಮ್ಮ ತಾಯಿಯವರು ಬಂದು ತೊಟ್ಟಿಲ ಮೇಲೆ ಬಗ್ಗಿ ಮೂಸಿ ನೋಡಿದರು. "ವಾಸನೆ ಇದೆಯಲ್ಲೋ. ಕೂಸಿಗೆ ಇದು ಬೇಡ" ಎಂದರು. ನಾಲ್ಕು ದಿನದ ದುಡಿಮೆ! ಎದುರಾಡಬೇಕೆನ್ನಿಸಿತು. ಉಗುರಿನಿಂದ ಅಡಿಯ ಪಟ್ಟಿಯನ್ನು ಒತ್ತಿ ನೋಡಿದೆವು, ಗೆರೆ ಮೂಡಿತು. ಮುಟ್ಟಲು ಒಣಗಿದುದು ಒಳಗಿನವರೆಗೂ ಒಣಗಿರಲಿಲ್ಲ. ಸುಮ್ಮನಾದೆವು.

ಮೊಮ್ಮಗಳ ಹೆಸರನ್ನು ಕಿವಿಯಲ್ಲಿ ಹೇಳಿದ್ದು ತಾಯಿಯವರ ಹಳೆಯ ನೂಲಿನ ಸೀರೆಯ ಜೋಲಿಯಲ್ಲಿ. ತೊಟ್ಟಿಲು ಇನ್ನೂ ಮೂರು ವಾರ ಉಪ್ಪರಿಗೆಯಲ್ಲಿಯೇ ಉಳಿಯಿತು. ದಿನವೂ ಬೆಳಗಿನ ಕಾಫಿಯಾದೊಡನೆ ತಾಯಿಯವರು ಮೆಟ್ಟಿಲು ಹತ್ತಿಹೋಗಿ ಮೂಸಿ ಬರುತ್ತಿದ್ದರು. ಒಂದು ದಿನ ಏನೂ ಹೇಳದೆ ಕೆಳಗಿಳಿದು ಬಂದು, ಪೆಟ್ಟಿಗೆಯಿಂದ ಸಣ್ಣ ಹಾಸಿಗೆಯನ್ನು ತೆಗೆದು ಬಿಸಿಲಿಗೆ ಹಾಕಿದರು.